ಎಲೆಯ ಕೆಳಗಿನ ದುಡ್ಡು

"ಚಿಕ್ಕಮಾದಮ್ಮನ ಮನೆಗೆ ಒಂದಲ್ಲ ಒಂದಿನ ಇನ್‌ಕಮ್ ಟ್ಯಾಕ್ಸ್‌ನೋರು ಜೀಪು ತಗಂಡು ಬತ್ತಾರೆ, ನೋಡ್ತಾ ಇರಿ."

ಬೋಗಾದಿಯ ಹಳೇ ಊರಿನ ಆ ಬೀದಿಯಲ್ಲಿ ಈ ಮಾತು ಬೆಳಗಿನ ಹಾಲಿನ ಜೊತೆ ಮನೆಮನೆಗೂ ಹೋಗುತ್ತಿತ್ತು. ಮೊದಲು ಹೇಳಿದವಳು ಮೂಲೆ ಅಂಗಡಿಯ ಪುಟ್ಟಸಿದ್ದಮ್ಮ. ಹಾಲು, ಮೊಟ್ಟೆ, ಬ್ರೆಡ್ಡು ಮಾರುವ ಅವಳ ಅಂಗಡಿಗೆ ಎದುರಾಗಿಯೇ ಚಿಕ್ಕಮಾದಮ್ಮನ ಬಾಡಿಗೆ ಮನೆ. ಅಲ್ಲಿಗೆ ಕೊರಿಯರ್‌ನವರು ಯಾವಾಗ ಬಂದರು, ಎಷ್ಟು ಡಬ್ಬ ಹೊತ್ತರು, ಯಾವ ಡಬ್ಬ ಕಾರಿನಷ್ಟು ದೊಡ್ಡದಿತ್ತು, ಎಲ್ಲವೂ ಅವಳ ಬಾಯಲ್ಲೇ. "ಚೆನ್ನೈಗಂತೆ, ಪುಣೆಗಂತೆ! ಹೋದ್ ಡಬ್ಬ ಒಂದೂ ವಾಪಸ್ ಬರಾಕಿಲ್ಲ ಕಣ್ರೀ, ಬರೀ ದುಡ್ಡೇ ಬರದು."

ಕುವೆಂಪುನಗರದ ಯಾವುದೋ ಅಟ್ಟದಲ್ಲಿ ಅವಳಿಗೆ ನಿಧಿ ಸಿಕ್ಕಿದೆ ಅಂದವರಿದ್ದರು. ಗಂಡ ಹೋದ ಮೇಲೆ ಪಾಪ, ಹೆಂಗಸು ಗೊಂಬೆ ಆಡುತ್ತಾ ಕೂತಳು ಅಂದವರೂ ಇದ್ದರು. ಚಿಕ್ಕಮಾದಮ್ಮ ಯಾರಿಗೂ ಮಾರುತ್ತರ ಕೊಡುತ್ತಿರಲಿಲ್ಲ. ಒಂದು ದಿನ ಮಾತ್ರ ಹಾಲಿನ ಪ್ಯಾಕೆಟ್ಟು ತೆಗೆದುಕೊಳ್ಳುತ್ತಾ ಹೇಳಿದಳು:

"ಅವರು ಬರೋಗಂಟ ನಾನ್ಯಾಕವ್ವಾ ಕಾಯ್ಲಿ? ನಾನೇ ಹೋಯ್ತೀನಿ ಬುಡು."

ಅಂಗಡಿ ಮುಂದೆ ನಿಂತವರೆಲ್ಲ ನಕ್ಕರು. ಆದರೆ ಚಿಕ್ಕಮಾದಮ್ಮ ಆಡಿದ ಮಾತನ್ನು ನಗೆಗೆ ಬಿಡುವ ಪೈಕಿಯಲ್ಲ. ಮಾರನೇ ದಿನವೇ ಸೀರೆ ನೆರಿಗೆ ಬಿಗಿದು, ಮೊಪೆಡ್ ಹತ್ತಿ, ಹೋಗಿಯೇ ಹೋದಳು.

ಅವಳು ಯಾರು, ಗೊಂಬೆ ಎಲ್ಲಿಂದ ಬಂತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಚಿಕ್ಕಮಾದಮ್ಮನ ಗಂಡ ಮಂಟಯ್ಯ ಹೂಟಗಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಲೇತ್ ಮಿಷನ್ನಿನ ಕೆಲಸಗಾರ. ಮಗಳು ಧರಣಿ ಹೈಸ್ಕೂಲಿನಲ್ಲಿದ್ದಾಗ ಎದೆನೋವೆಂದು ಮಲಗಿದವನು ಏಳಲಿಲ್ಲ. ಫ್ಯಾಕ್ಟರಿಯಿಂದ ಬಂದ ಗಂಟನ್ನು ಬ್ಯಾಂಕಿನಲ್ಲಿಟ್ಟು, ಮನೆ ಖರ್ಚಿಗೆ ಅದನ್ನು ಮುಟ್ಟುವುದಿಲ್ಲವೆಂದು ಅವನ ಫೋಟೋದ ಮುಂದೆ ಹೇಳಿ, ಚಿಕ್ಕಮಾದಮ್ಮ ಕುವೆಂಪುನಗರದ ಮನೆಗಳಿಗೆ ಕಸ ಮುಸುರೆಗೆ ಹೊರಟಳು. ಅವಳ ಅವ್ವನೂ ಹಿಂದೆ ಒಕ್ಕಲಿಗರ ಬೀದಿ, ಬ್ರಾಹ್ಮಣರ ಬೀದಿ ಅಂತ ಸುತ್ತಿದವಳೇ. ಆದರೆ ಅವ್ವ ಕೆಲಸಕ್ಕೆ ಕೂಲಿ ಕೇಳಿದವಳಲ್ಲ. ಹಿತ್ತಲ ಬಾಗಿಲಲ್ಲಿ ನಿಂತು ಸೆರಗೊಡ್ಡಿದರೆ ಉಳಿದದ್ದನ್ನು ಮೇಲಿಂದ ಹಾಕುತ್ತಿದ್ದರು. ಆ ಸೆರಗು ಚಿಕ್ಕಮಾದಮ್ಮನಿಗೆ ಮರೆತಿರಲಿಲ್ಲ. ತಿಂಗಳ ಸಂಬಳ ಇಷ್ಟು ಅಂತ ಮಾತಾಡಿಯೇ ಅವಳು ಪೊರಕೆ ಮುಟ್ಟುತ್ತಿದ್ದದ್ದು.

ದಸರೆ ಹತ್ತಿರ ಬಂತೆಂದರೆ ಆ ಮನೆಗಳಲ್ಲಿ ಅಟ್ಟದಿಂದ ಗೊಂಬೆ ಇಳಿಸುವ ಕೆಲಸ. ಪಟ್ಟದ ಗೊಂಬೆ ರಾಜ-ರಾಣಿ, ಮುಂದೆ ಅಕ್ಕಿ ಬೇಳೆ ಹರವಿಕೊಂಡ ಶೆಟ್ಟಿ ಮತ್ತು ಅವನ ಹೆಂಡತಿ, ದಶಾವತಾರ, ಮದುವೆ ದಿಬ್ಬಣ, ತುತ್ತೂರಿ ಮುರಿದ ಬ್ಯಾಂಡ್‌ಸೆಟ್ಟು. ಒದ್ದೆ ಮಾಡದೆ ಒರೆಸುವುದು, ಸೀಳು ಬಿಟ್ಟಲ್ಲಿ ಮರದ ಪುಡಿ ಬೆರೆಸಿದ ಅಂಟು ತುಂಬುವುದು, ಮೂಗು ಹೋದ ರಾಣಿಗೆ ಮೂಗು ಬರೆಯುವುದು ಎಲ್ಲಾ ಅವಳ ಕೈಗೆ ಬಂತು. ಕಾಲ ಕಳೆದಂತೆ ಆ ಹಳೇ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟಾದವು. ಅಟ್ಟವಿಲ್ಲದ ಮನೆಗೆ ಹೋಗುವವರು ಗೊಂಬೆಪೆಟ್ಟಿಗೆಯನ್ನು ಏನು ಮಾಡಬೇಕು?

"ತಗೊಂಡು ಹೋಗು ಚಿಕ್ಕಮಾದಮ್ಮ" ಅಂದರು.

"ಎಷ್ಟು ಕೊಡ್ಲಿ?" ಅಂದಳು ಅವಳು.

ಅದಕ್ಕೆ ಎಲ್ಲ ಮನೆಯಲ್ಲೂ ನಾಲಿಗೆ ಕಚ್ಚಿಕೊಂಡರು. ಪಟ್ಟದ ಗೊಂಬೆಯನ್ನು ಮಾರುವುದುಂಟೆ? ತವರಿನಿಂದ ಮದುವೆಗೆ ಬಂದದ್ದು, ಅತ್ತೆ ಕೈಯಿಂದ ಸೊಸೆ ಕೈಗೆ ಬಂದದ್ದು. ಅದಕ್ಕೆ ಬೆಲೆ ಹೇಳಿದರೆ ಮನೆಗೆ ಶ್ರೇಯಸ್ಸಲ್ಲ. "ಎಲೆ ಅಡಿಕೆ ಇಟ್ಟು ತಗೊಂಡು ಹೋಗು. ಎಲೆ ಕೆಳಗೆ ನಿನಗೆ ತೋಚಿದ್ದು ಇಡು" ಅಂದರು. ಹಾಗೇ ನಡೆದುಕೊಂಡು ಬಂತು. ಅವಳು ತಟ್ಟೆಯಲ್ಲಿ ಎರಡು ವೀಳ್ಯದೆಲೆ, ಅಡಿಕೆ, ಒಂದು ಬಾಳೆಹಣ್ಣು ಇಟ್ಟು, ಎಲೆಯ ಕೆಳಗೆ ನೋಟು ಮಡಿಸಿಟ್ಟು ಕೊಡುವಳು. ಅವರು ಗೊಂಬೆ ಕೊಡುವರು. ಕೊಂಡೆ ಅಂತ ಅವಳೂ ಅನ್ನುವಂತಿಲ್ಲ, ಮಾರಿದೆ ಅಂತ ಅವರೂ ಅನ್ನುವಂತಿಲ್ಲ.

ಹಾಗೆ ತಂದದ್ದನ್ನು ರಿಪೇರಿ ಮಾಡಿ, ಹಿತ್ತಲಲ್ಲಿ ಬಿಳೀ ದುಪಟಿ ಹಾಸಿ ನಿಲ್ಲಿಸಿದರೆ ಧರಣಿ ಫೋಟೋ ತೆಗೆದು ಫೋನಿನಲ್ಲಿ ಹಾಕುತ್ತಿದ್ದಳು. ಅವಳು ಈಗ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಹಳೇ ಸಾಮಾನು ಕೊಳ್ಳುವ ಆ್ಯಪ್‌ನಲ್ಲಿ ಜನ ಕೇಳುತ್ತಿದ್ದರು: ಇದು ನಿಮ್ಮ ಅಜ್ಜಿಯ ಗೊಂಬೆಯಾ? ಹೌದು ಅಂದರೆ ಇನ್ನೊಂದಿಷ್ಟು ಹೆಚ್ಚು ಕೊಡುತ್ತಿದ್ದರು.

"ಹೌದು ಅಂತ ಹಾಕ್ಲಾ ಅಮ್ಮ?"

"ನಮ್ಮನೇಲಿ ಯಾವತ್ತವ್ವಾ ಗೊಂಬೆ ಕೂರ್ಸಿದ್ರು? ನಮ್ಮಜ್ಜಿಗೆ ಕೂರಾಕೇ ಜಾಗ ಇರ್ಲಿಲ್ಲ. ಬೇರೆಯೋರ ಮನೇದು, ರಿಪೇರಿ ಮಾಡಿವ್ನಿ ಅಂತ ಹಾಕು."

ಹಾಗೆ ಬರೆದರೂ ಗೊಂಬೆ ಹೋಗುತ್ತಿದ್ದವು. ನಿಧಾನವಾಗಿ ಅವಳು ಒಂದೊಂದೇ ಮನೆಯ ಮುಸುರೆ ಬಿಟ್ಟಳು.

ಇನ್ನು ಆ ಬಾಡಿಗೆ ಮನೆಯ ವಿಷಯ. ಹಳೇ ಹೆಂಚಿನ ಮನೆ, ಉದ್ದನೆಯ ಹಜಾರ, ಹಿಂದೆ ನುಗ್ಗೆಮರ. ಮಂಟಯ್ಯ ಬದುಕಿದ್ದಾಗಲೇ ಬಂದು ಸೇರಿದ್ದು. ಹಜಾರದ ಗೋಡೆಗೆ ಅವನೇ ಹಲಗೆ ಹೊಡೆದಿದ್ದ. ಈಗ ಗೊಂಬೆ ನಿಲ್ಲುತ್ತಿದ್ದದ್ದು ಅದರ ಮೇಲೆಯೇ. ಮಾಲೀಕ ಶಿವರುದ್ರಪ್ಪನವರು ವಯಸ್ಸಾದವರು, ಒಳ್ಳೆಯವರು. "ಈ ಮನೆ ಇನ್ನೆರಡು ಮೂರು ವರ್ಷದಲ್ಲಿ ಮಾರ್ತೀನಿ ಚಿಕ್ಕಮಾದಮ್ಮ. ಮಾರೋದಾದ್ರೆ ಮೊದಲು ನಿನ್ನೇ ಕೇಳ್ತೀನಿ" ಅಂದಿದ್ದರು. ಅಂದಿನಿಂದ ತಾಯಿ ಮಗಳಿಬ್ಬರ ಕಣ್ಣೂ ಅದರ ಮೇಲೆ. ಗಂಡನ ಗಂಟು ಅರ್ಧಕ್ಕೆ ಬರುತ್ತಿತ್ತು, ಉಳಿದರ್ಧಕ್ಕೆ ಸಾಲ ಬೇಕು. ಬ್ಯಾಂಕಿನಲ್ಲಿ ವಿಚಾರಿಸಿದರೆ, ನಿಮಗೆ ಆದಾಯವಿದೆ ಅನ್ನುವುದಕ್ಕೆ ಏನಿದೆ, ಎರಡು ವರ್ಷದ ಟ್ಯಾಕ್ಸ್ ರಿಟರ್ನ್ ತನ್ನಿ ಅಂದರು. ಪುಟ್ಟಸಿದ್ದಮ್ಮನ ಅಂಗಡಿಯ ಮುಂದೆ ಅವಳು ಆಡಿದ ಮಾತಿನ ಹಿಂದೆ ಇದೂ ಇತ್ತು.

ಕುವೆಂಪುನಗರದ ಕಾಂಪ್ಲೆಕ್ಸ್ ಒಂದರ ಮೆಟ್ಟಿಲ ಕೆಳಗೆ ಸುಂದರೇಶನ ಆಫೀಸು. ಜೆರಾಕ್ಸ್ ಮಿಷನ್ನು, ಎರಡು ಕುರ್ಚಿ, ಒಂದು ಕಂಪ್ಯೂಟರ್. ಅಂಗಡಿಯವರ, ಆಟೋದವರ ರಿಟರ್ನ್ ತುಂಬಿಕೊಡುವುದು ಅವನ ಕೆಲಸ. ಚಿಕ್ಕಮಾದಮ್ಮನ ಕಥೆ ಕೇಳಿ ಅವನಿಗೆ ನಗು.

"ಅಮ್ಮಾ, ನಿಮ್ಮ ಈ ವ್ಯಾಪಾರಕ್ಕೆ ಕಟ್ಟೋ ತೆರಿಗೆ ಸೊನ್ನೆ. ಅಷ್ಟು ದೊಡ್ಡ ಆದಾಯ ಅಲ್ಲ ಇದು. ಹಳೇ ಸಾಮಾನು ಮಾರಿದೆ ಅಂತ ಸುಮ್ನಿದ್ರೂ ಯಾರೂ ಕೇಳಲ್ಲ."

"ಅದು ನಮ್ಮನೆ ಹಳೇ ಸಾಮಾನಲ್ವಲ್ಲ ಸ್ವಾಮಿ. ಮಾರಾಕೇ ಅಂತ ತಂದಿದ್ದು. ತೆರಿಗೆ ಸೊನ್ನೆ ಆದ್ರೆ ಸೊನ್ನೆ ಅಂತಾನೇ ಬರೀರಿ. ಆದ್ರೆ ಬರೀರಿ."

"ಯಾಕೆ ಈ ಹಟ?"

"ಮಗಳ ಸ್ಕೂಲ್ ಫಾರಮ್ಮಿಂದ ಹಿಡ್ದು ರೇಷನ್ ಕಾರ್ಡ್‌ಗಂಟ ಉದ್ಯೋಗ ಅನ್ನೋ ಕಡೆ ನಂಗೆ 'ಇಲ್ಲ' ಅಂತಾನೇ ಬರ್ದಿದ್ದಾರೆ. ಬೆಳಗೆದ್ದು ಬೆನ್ನು ಮುರ್ಕೊಳ್ಳೋಳು ನಾನು, ಕೆಲ್ಸ 'ಇಲ್ಲ'! ಈ ಒಂದು ಕಡೆನಾದ್ರೂ 'ವ್ಯಾಪಾರ' ಅಂತ ಬರ್ಲಿ."

ಸುಂದರೇಶ ನಗು ನಿಲ್ಲಿಸಿ ಕೀಬೋರ್ಡು ಎಳೆದುಕೊಂಡ. ಮಾರಿದ್ದರ ಲೆಕ್ಕ ಅವಳ ಬ್ಯಾಂಕ್ ಖಾತೆಯಲ್ಲೇ ಇತ್ತು. ಕೊರಿಯರ್, ಬಣ್ಣ, ರಟ್ಟಿನ ಡಬ್ಬದ ಖರ್ಚನ್ನು ಕಳೆದ. ಆಮೇಲೆ ಕೇಳಿದ:

"ಗೊಂಬೆ ಖರೀದಿ ಎಷ್ಟಕ್ಕೆ?"

"ಖರೀದಿ ಇಲ್ಲ ಸ್ವಾಮಿ. ಗೊಂಬೆನ ಯಾರೂ ಮಾರಲ್ಲ. ಎಲೆ ಅಡಿಕೆ ಇಟ್ಟು ಇಸ್ಕೊಳ್ಳೋದು."

"ಓ, ಹಾಗೇ ಕೊಡ್ತಾರಾ? ಸರಿ." ಖರೀದಿಯ ಮನೆಯಲ್ಲಿ ಅವನು ಸೊನ್ನೆ ಒತ್ತಿದ.

ನೋಡಿ, ಆ ಸೊನ್ನೆಯೇ ಮುಂದಿನದಕ್ಕೆಲ್ಲ ಬೇರು. ಕುವೆಂಪುನಗರದ ಮನೆಗಳಲ್ಲಿ ಇಷ್ಟು ವರ್ಷ ಕಲಿತ ಮಾತನ್ನೇ ಅವಳು ಅಲ್ಲೂ ಆಡಿದ್ದಳು. ಎಲೆಯ ಕೆಳಗೆ ಏನಿತ್ತು ಅಂತ ಅವನು ಕೇಳಲಿಲ್ಲ. ಹೇಳಬೇಕು ಅಂತ ಅವಳಿಗೆ ತೋಚಲಿಲ್ಲ. ಮರುವರ್ಷವೂ ಹಾಗೇ ಆಯಿತು.

ಎರಡನೇ ರಿಟರ್ನ್ ಕೈಗೆ ಬಂದ ಮೇಲೆ, ಆ ದಸರೆಯ ಮಾರಾಟ ಮುಗಿಯುವಷ್ಟರಲ್ಲಿ, ಶಿವರುದ್ರಪ್ಪನವರು ಮನೆಗೆ ಬಂದು ಹಜಾರದಲ್ಲಿ ಕೂತು ಕಾಫಿ ಕುಡಿದರು. "ಕಾಲ ಬಂತು ಚಿಕ್ಕಮಾದಮ್ಮ. ಒಬ್ಬ ಕಂಟ್ರಾಕ್ಟರ್ ದಿನಾ ಫೋನ್ ಮಾಡ್ತಾನೆ, ಕೆಡವಿ ಹುಡುಗ್ರಿಗೆ ಪಿಜಿ ಕಟ್ತಾನಂತೆ. ನಾನು ಮಾತು ಕೊಟ್ಟಿದ್ದು ನಿನಗೆ. ಸಂಕ್ರಾಂತಿವರೆಗೂ ಕಾಯ್ತೀನಿ."

ಧರಣಿ ಆ ಸಂಜೆಯೇ ಹಜಾರಕ್ಕೆ ಯಾವ ಬಣ್ಣ ಅಂತ ಯೋಚಿಸತೊಡಗಿದಳು.

ಬ್ಯಾಂಕಿನ ಆಫೀಸರಮ್ಮ ಎರಡೂ ರಿಟರ್ನ್ ನೋಡಿ ಖುಷಿಪಟ್ಟರು. "ಚೆನ್ನಾಗಿದೆ ನಿಮ್ಮ ಆದಾಯ. ಮಗಳ ಸಂಬಳನೂ ಸೇರಿಸಿದ್ರೆ ಕೇಳಿದಷ್ಟೂ ಸಾಲ ಬರುತ್ತೆ. ತಿಂಗಳ ಕಂತು ಇಷ್ಟಾಗುತ್ತೆ, ನೋಡಿ" ಅಂತ ಕಾಗದ ತಿರುಗಿಸಿದರು.

ಚಿಕ್ಕಮಾದಮ್ಮ ನೋಡಿದಳು. ನಗು ಬಂತು. "ಅಲ್ಲ ಮೇಡಂ, ತಿಂಗಳಿಗೆ ಇಷ್ಟು ದುಡ್ಡು ನನ್ ಕೈಲಿ ಯಾವತ್ತೂ ಉಳ್ದಿಲ್ಲವಲ್ಲ!"

"ನಿಮ್ಮ ರಿಟರ್ನ್‌ನಲ್ಲಿ ಇದರ ಎರಡರಷ್ಟು ಉಳಿದಿದೆಯಲ್ಲಮ್ಮಾ" ಅಂದರು ಆಫೀಸರಮ್ಮ.

ಮೊಪೆಡ್ಡಿನಲ್ಲಿ ಹಿಂದೆ ಕೂತ ಧರಣಿ ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದಳು. ಚಿಕ್ಕಮಾದಮ್ಮನಿಗೆ ಒಂದೂ ಕೇಳಲಿಲ್ಲ. ಮನೆಗೆ ಬಂದು ಗೊಂಬೆಗಳ ಮುಂದೆ ನಿಂತಳು. ರಾಜ ರಾಣಿಯ ಒಂದು ಜೋಡಿ ಹಲಗೆ ಮೇಲಿತ್ತು. ಅದನ್ನು ತಂದ ದಿನ ಎಲೆಯ ಕೆಳಗೆ ಇಟ್ಟ ನೋಟುಗಳ ನೆನಪಾಯಿತು. ಅದನ್ನು ಇಡುವುದಕ್ಕೆ ಆ ತಿಂಗಳು ಗ್ಯಾಸ್ ಸಿಲಿಂಡರ್ ಮುಂದಕ್ಕೆ ಹಾಕಿ ಸೌದೆ ಒಲೆ ಉರಿಸಿದ್ದು ನೆನಪಾಯಿತು. ಅಷ್ಟೂ ದುಡ್ಡನ್ನು ಆ ಸೊನ್ನೆ ನುಂಗಿತ್ತು.

ಸೀದಾ ಸುಂದರೇಶನ ಹತ್ತಿರ ಹೋದಳು. ಅವನು ಕೇಳಿ ಕುರ್ಚಿಗೆ ಒರಗಿದ.

"ಅಯ್ಯೋ, ಹಾಗಿತ್ತಾ? ಹೋಗ್ಲಿ ಬಿಡಿ ಅಮ್ಮಾ. ಒಳ್ಳೇದೇ ಆಯ್ತು! ಲಾಭ ಜಾಸ್ತಿ ಕಂಡಿದೆ, ಆದ್ರೂ ತೆರಿಗೆ ಸೊನ್ನೆನೇ. ಸರ್ಕಾರಕ್ಕೆ ನಷ್ಟ ಇಲ್ಲ, ನಿಮಗೆ ಸಾಲ ಸಿಗುತ್ತೆ. ಎಲ್ಲರೂ ಕಡಿಮೆ ತೋರ್ಸಿ ತಗಲಾಕ್ಕೊಳ್ತಾರೆ, ನೀವು ಜಾಸ್ತಿ ತೋರ್ಸಿ ಅಳ್ತಾ ಇದ್ದೀರಿ."

"ತಿದ್ದಾಕಾಗುತ್ತಾ, ಅದು ಹೇಳಿ."

"ಹಿಂದಿನ ವರ್ಷದ್ದು ಆಗಲ್ಲ, ಕಾಲ ಮುಗೀತು. ಈ ವರ್ಷದ್ದು ಡಿಸೆಂಬರ್ ಕೊನೆವರೆಗೂ ತಿದ್ದಬಹುದು. ಆದ್ರೆ ತಿದ್ದಿದ್ರೆ ಬ್ಯಾಂಕಿನೋರು ಹೊಸದನ್ನೇ ನೋಡ್ತಾರೆ. ಆ ಮನೆ ಕೈಬಿಟ್ಟು ಹೋಗುತ್ತೆ. ಯೋಚನೆ ಮಾಡಿ."

"ಯೋಚ್ನೆ ಮಾಡ್ಕೊಂಡೇ ಬಂದಿವ್ನಿ."

ಹಾಗಾದರೆ ಕೊಟ್ಟದ್ದಕ್ಕೆ ಒಂದು ಗುರುತು ಬೇಕು ಅಂದ ಅವನು. ಯಾರಿಗೆ ಎಷ್ಟು ಕೊಟ್ಟಿರಿ ಅಂತ ಆ ಮನೆಯವರಿಂದ ಒಂದೊಂದು ಸಾಲು ಬರೆಸಿಕೊಂಡು ಬನ್ನಿ, ನಾಳೆ ಯಾರಾದರೂ ಕೇಳಿದರೆ ತೋರಿಸೋಕೆ ಇರಲಿ ಅಂದ.

ಮನೆಯಲ್ಲಿ ಧರಣಿಗೆ ಹೇಳಿದಾಗ ಅವಳು ತಟ್ಟೆ ಮುಂದಿನಿಂದ ಎದ್ದಳು.

"ಅಮ್ಮ, ನಿಂಗೆ ತಲೆ ಕೆಟ್ಟಿದ್ಯಾ? ಯಾರಿಗೆ ಮೋಸ ಆಗಿದೆ ಇದ್ರಲ್ಲಿ? ಒಬ್ಬರ ಹೆಸರು ಹೇಳು!"

"ಕಂತು ಕಟ್ಟಕ್ಕೆ ದುಡ್ಡೆಲ್ಲಿಂದ ತತ್ತೀಯ?"

"ನಾನು ಇನ್ನೊಂದು ಕೆಲ್ಸ ಮಾಡ್ತೀನಿ. ಭಾನುವಾರ ಮಾಡ್ತೀನಿ. ಅಪ್ಪ ಹೊಡೆದ ಹಲಗೆ ಇದು, ಅಪ್ಪ ನೆಟ್ಟ ನುಗ್ಗೆಮರ. ಕೆಡವಿ ಪಿಜಿ ಕಟ್ತಾರೆ, ನಿಂಗೇನೂ ಅನ್ಸಲ್ವಾ?"

ಅನ್ನಿಸದೆ ಇರುತ್ತದೆಯೇ? ಚಿಕ್ಕಮಾದಮ್ಮ ಕಲಸಿದ ಅನ್ನವನ್ನು ತಟ್ಟೆಯ ಬದಿಗೆ ಸರಿಸಿದಳು.

"ಧರಣಿ, ಕೂತ್ಕೋ ಮಗ. ಕಂತಿನ ಮಾತು ಇರ್ಲಿ. ಆ ಕಾಗದದಲ್ಲಿ ಏನಂತ ಬರ್ದದೆ ಗೊತ್ತಾ? ಇಷ್ಟು ಮನೆ ಗೊಂಬೆನೂ ನಾನು ಸುಮ್ನೆ ಇಸ್ಕೊಂಡೆ ಅಂತ. ಒಂದು ಕಾಸೂ ಕೊಡದೆ ಇಸ್ಕೊಂಡೆ ಅಂತ. ನಮ್ಮವ್ವ ಇಂಥ ಮನೆಗಳ ಹಿಂದುಗಡೆ ಸೆರಗೊಡ್ಡುದ್ಲು. ನಾನು ಮುಂಬಾಗ್ಲಲ್ಲಿ ನಿಂತು ದುಡ್ಡು ಇಟ್ಟಿವ್ನಿ ಕಣವ್ವ. ಎಲೆ ಕೆಳಗೆ ಇಟ್ರೂ ಅದು ನನ್ ದುಡ್ಡೇ. ಅದಿಲ್ಲ ಅಂತ ಸರ್ಕಾರದ ಕಾಗದದಲ್ಲಿ ನಾನೇ ಬರ್ಸಿ, ಅದ್ರ ಮೇಲೆ ಮನೆ ತಗಳ್ಳಾ?"

ಧರಣಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂದಿನಿಂದ ಒಂದೇ ಮನೆಯಲ್ಲಿ ಇಬ್ಬರೂ ಪಕ್ಕದ ಮನೆಯವರಂತಾದರು. ಕಾಫಿ ಲೋಟ ಕಟ್ಟೆಯ ಮೇಲೆ ಸಿಗುತ್ತಿತ್ತು, ಕೊಟ್ಟವರ ಮುಖ ಸಿಗುತ್ತಿರಲಿಲ್ಲ.

ಚಿಕ್ಕಮಾದಮ್ಮ ಒಂದೊಂದೇ ಮನೆ ಹತ್ತಿ ಇಳಿದಳು. ಕೆಲವರು ಹೊಸ ಫ್ಲಾಟಿನಲ್ಲಿ ಕಾಫಿ ಕೊಟ್ಟು, ನಗುತ್ತಾ ಬರೆದುಕೊಟ್ಟರು. "ತಾಂಬೂಲಕ್ಕೂ ರಶೀದಿ ಕೊಡೋ ಕಾಲ ಬಂತಾ!" ಅಂತ ಒಬ್ಬರು ಚುಡಾಯಿಸಿದರು. ಇನ್ನೊಬ್ಬರು ಬರೆಯುವ ಮೊದಲು ಗಂಡನನ್ನು ಕೇಳಿಕೊಂಡು ಬಂದರು. ಉಳಿದದ್ದು ಚಾಮುಂಡೇಶ್ವರಿ ಮೇಡಂ ಒಬ್ಬರದು. ನಿವೃತ್ತ ಹೈಸ್ಕೂಲ್ ಟೀಚರು. ಎಲ್ಲರಿಗಿಂತ ದೊಡ್ಡ ಪೆಟ್ಟಿಗೆ ಅವರದೇ, ಎಲೆಯ ಕೆಳಗೆ ಎಲ್ಲರಿಗಿಂತ ಹೆಚ್ಚು ಹೋಗಿದ್ದೂ ಅಲ್ಲಿಗೇ.

ಮೇಡಂ ಯಾವತ್ತಿನಂತೆ ವರಾಂಡದಲ್ಲಿ ನಿಂತರು. ಅವರ ಪಕ್ಕದಲ್ಲಿ ಒಂದು ಮರದ ಸ್ಟೂಲು. ಕೊಡುವುದಿದ್ದರೆ ಅದರ ಮೇಲಿಡುವುದು, ತೆಗೆದುಕೊಳ್ಳುವುದಿದ್ದರೂ ಅದರ ಮೇಲಿಂದಲೇ. ಅದೂ ಆ ಮನೆಯ ಪದ್ಧತಿ. ವಿಷಯ ಕೇಳುತ್ತಿದ್ದಂತೆ ಅವರ ಮುಖ ಬಿಗಿಯಿತು.

"ನಾನು ಗೊಂಬೆ ಮಾರಿದೆ ಅಂತ ಬರ್ಕೊಡಬೇಕಾ? ನಮ್ಮತ್ತೆಯವರ ಗೊಂಬೆ ಅವು! ನೀನು ಆಸೆಪಟ್ಟೆ ಅಂತ ಕೊಟ್ಟೆ. ದಾನ ಅಂತಲೇ ತಿಳ್ಕೊ."

"ದಾನ ಆಗಿದ್ರೆ ನಾನು ತಗತಿರ್ಲಿಲ್ಲ ಮೇಡಮ್ಮೋರೆ."

"ಎಷ್ಟು ಮಾತಾಡ್ತೀಯ! ತಾಂಬೂಲದಲ್ಲಿ ಏನಿತ್ತು ಅಂತ ನಾನು ಲೆಕ್ಕ ಇಟ್ಟಿದ್ದೀನಾ?"

ಚಿಕ್ಕಮಾದಮ್ಮ ದನಿ ಏರಿಸಲಿಲ್ಲ. ಮೆಟ್ಟಿಲಿನಿಂದ ಕೆಳಗೂ ಇಳಿಯಲಿಲ್ಲ.

"ಅವತ್ತು ತಟ್ಟೆ ಈ ಸ್ಟೂಲ್ ಮೇಲೆ ಇಟ್ಟೆ. ನೀವು ಎಲೆ ಎತ್ತಿ ನೋಡುದ್ರಿ. ನೋಡ್ಬುಟ್ಟು, 'ದಶಾವತಾರನೂ ಸೇರ್ಸಿ ಕೊಡ್ತಾ ಇದೀನಲ್ಲ ಚಿಕ್ಕಮಾದಮ್ಮ' ಅಂದ್ರಿ. ನಾನು ಸೊಂಟದ ಚೀಲದಿಂದ ಇನ್ನೆರಡು ನೋಟು ತೆಗ್ದು ಎಲೆ ಕೆಳಗೆ ಸೇರ್ಸುದ್ಮೇಲೆ ಪೆಟ್ಟಿಗೆ ಇತ್ಲಾಗೆ ತಳ್ಳುದ್ರಿ. ತಪ್ಪು ಅಂತ ಹೇಳ್ತಿಲ್ಲ ಮೇಡಮ್ಮೋರೆ. ಒಳ್ಳೆ ಗೊಂಬೆ, ಅಷ್ಟು ಬಾಳ್ತಿದ್ವು. ನೀವು ಕೇಳುದ್ರಿ, ನಾನು ಕೊಟ್ಟೆ. ನೀವು ಇಸ್ಕೊಂಡಿದ್ದು ಇಲ್ಲ ಅಂದ್ರೆ ನಾನು ಕೊಟ್ಟಿದ್ದೂ ಇಲ್ಲ ಅಂತಾಗುತ್ತೆ. ಅಷ್ಟೇ ನನ್ ಸಂಕಟ."

ಒಳಗೆ ಕುಕ್ಕರ್ ಕೂಗಿತು. ಮೇಡಂ ಅದನ್ನೇ ನೆಪ ಮಾಡಿಕೊಂಡು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಚಿಕ್ಕಮಾದಮ್ಮ ಮೆಟ್ಟಿಲ ಮೇಲೆ ನಿಂತೇ ಇದ್ದಳು. ಕಾಂಪೌಂಡಿನ ಮಗ್ಗುಲಲ್ಲಿ ಹೋಗುತ್ತಿದ್ದವರು ನೋಡಿದರು, ಸೊಪ್ಪಿನವನು ಬಂದು ಕೂಗಿ ಹೋದ. ಅವಳು ಕದಲಲಿಲ್ಲ.

ಮೇಡಂ ಹೊರಗೆ ಬಂದಾಗ ಕೈಯಲ್ಲಿ ಕಾಗದವಿತ್ತು. ಗುಂಡಗಿನ ಟೀಚರ್ ಅಕ್ಷರ. 'ಮಾರಿದೆ' ಅನ್ನುವ ಮಾತು ಎಲ್ಲೂ ಇರಲಿಲ್ಲ. 'ಗೊಂಬೆಗಳನ್ನು ಕೊಟ್ಟು, ತಾಂಬೂಲದೊಂದಿಗೆ ಈ ಕೆಳಕಂಡ ಹಣವನ್ನು ಪಡೆದಿರುತ್ತೇನೆ' ಅಂತಿತ್ತು. ಹಣ ಸರಿಯಾಗಿತ್ತು. ಸೇರಿಸಿದ ಎರಡು ನೋಟೂ ಅದರಲ್ಲಿದ್ದವು. ಲೆಕ್ಕ ಇಟ್ಟಿಲ್ಲ ಅಂದವರಿಗೆ ಅದೆಲ್ಲ ನೆನಪಿತ್ತು. ಕಾಗದವನ್ನು ಸ್ಟೂಲಿನ ಮೇಲಿಟ್ಟರು.

"ನಾಲ್ಕು ಜನರ ಹತ್ರ ಹೇಳ್ಕೊಂಡು ತಿರುಗಬೇಡ."

"ಒಬ್ರ ಹತ್ರ ಮಾತ್ರ ಹೇಳ್ತೀನಿ. ಅವರು ಕಂಪ್ಯೂಟರ್‌ನೋರು."

ಮೇಡಂ ಬಾಗಿಲು ಹಾಕಿಕೊಂಡರು. ಆಮೇಲೆ ಆ ಮನೆಯಿಂದ ಅವಳಿಗೆ ಕರೆ ಬರಲಿಲ್ಲ. ಅವರ ನಾದಿನಿಯ ಮನೆಯ ಗೊಂಬೆಪೆಟ್ಟಿಗೆ ಬೇರೆ ಯಾರಿಗೋ ಹೋಯಿತು.

ಸುಂದರೇಶ ತಿದ್ದಿದ ರಿಟರ್ನ್ ಒತ್ತುವ ಮೊದಲು ಇನ್ನೊಂದು ಸಲ ಕೇಳಿದ, "ಒತ್ಲಾ?"

"ಒತ್ತಿ ಸ್ವಾಮಿ."

ಫೋನಿಗೆ ಬಂದ ಅಂಕಿ ಹೇಳಿ ಅವಳೇ ಪೂರಾ ಮಾಡಿದಳು. ಆದಾಯ ಅರ್ಧಕ್ಕೆ ಇಳಿದಿತ್ತು. ತೆರಿಗೆ ಮೊದಲೂ ಸೊನ್ನೆ, ಈಗಲೂ ಸೊನ್ನೆ. ಸುಂದರೇಶ ತನ್ನ ಫೀಸು ಬೇಡ ಅಂದ. ಅವಳು ಒಪ್ಪಲಿಲ್ಲ, ಮೇಜಿನ ಮೇಲೆ ದುಡ್ಡು ಇಟ್ಟಳು. "ಎಲೆ ಅಡಿಕೆ ತಂದಿಲ್ಲ, ಹಂಗೇ ಎಣಿಸ್ಕೊಳ್ಳಿ" ಅಂದಳು. ಇಬ್ಬರೂ ನಕ್ಕರು.

ಬ್ಯಾಂಕಿನ ಆಫೀಸರಮ್ಮ ಹೊಸ ಕಾಗದವನ್ನು ಎರಡು ಸಲ ಓದಿದರು. ಆ ಮನೆಗೆ ಬೇಕಾದಷ್ಟು ಸಾಲ ಆಗುವುದಿಲ್ಲ ಅಂದರು. ಆಗುವುದು ಎಷ್ಟು ಅಂತ ಚಿಕ್ಕಮಾದಮ್ಮ ಕೇಳಿದಳು. ಹೇಳಿದರು. ಕಂತು ಎಷ್ಟು ಅಂತ ಕೇಳಿದಳು. ಅದನ್ನೂ ಹೇಳಿದರು. ಈ ಸಲ ಅವಳು ನಗಲಿಲ್ಲ. ಮನಸ್ಸಿನಲ್ಲೇ ಮನೆ ಖರ್ಚು, ಬಣ್ಣದ ಖರ್ಚು, ಗೊಂಬೆ ಸಿಗದ ತಿಂಗಳು ಎಲ್ಲಾ ಹಾಕಿ ತೂಗಿದಳು. "ಇದು ಕಟ್ತೀನಿ ಮೇಡಂ. ಇಷ್ಟಕ್ಕೆ ಮನೆ ಹುಡುಕ್ತೀನಿ."

ಶಿವರುದ್ರಪ್ಪನವರಿಗೆ ಹೇಳುವುದು ಕಷ್ಟವಾಯಿತು. ಅವರು ಬೆಲೆ ಸ್ವಲ್ಪ ಇಳಿಸುವುದಕ್ಕೂ ಸಿದ್ಧರಿದ್ದರು. ಇಳಿಸಿದರೂ ಮುಟ್ಟುತ್ತಿರಲಿಲ್ಲ. "ನಿಂಗೆ ಕೊಡ್ಬೇಕು ಅಂತ ನನ್ನ ಮನಸ್ಸಲ್ಲಿ ಇತ್ತು ಕಣಮ್ಮ" ಅಂದರು. "ಗೊತ್ತು ಸ್ವಾಮಿ" ಅಂದಳು. ಕಂಟ್ರಾಕ್ಟರ್ ಸಂಕ್ರಾಂತಿಗೂ ಮೊದಲೇ ಅಡ್ವಾನ್ಸ್ ಕೊಟ್ಟ.

ಮನೆ ಹುಡುಕುವ ಕೆಲಸ ಒಂಟಿಯಾಗಿಯೇ ಶುರುವಾಯಿತು. ಒಂದು ಭಾನುವಾರ ಅವಳು ಮೊಪೆಡ್ ಹೊರಗೆ ತಳ್ಳುತ್ತಿದ್ದಾಗ ಧರಣಿ ಬಂದು ಹಿಂದಿನ ಸೀಟಿನಲ್ಲಿ ಕೂತಳು. ಮುಖ ಇನ್ನೂ ಊದಿಕೊಂಡೇ ಇತ್ತು.

"ಎಲ್ಲಿಗೆ?" ಅಂದಳು ಚಿಕ್ಕಮಾದಮ್ಮ.

"ನೀನು ಒಬ್ಳೇ ಹೋದ್ರೆ ಬ್ರೋಕರ್ ಹೇಳಿದ್ದಕ್ಕೆಲ್ಲ ತಲೆಯಾಡಿಸ್ತೀಯ. ನಡಿ."

"ನಾನು ತಲೆಯಾಡ್ಸೋಳಾ?"

ಧರಣಿ ದುಪಟ್ಟಾ ಬಿಗಿದು ಕಟ್ಟಿಕೊಂಡಳು. ಕನ್ನಡಿಯಲ್ಲಿ ನೋಡಿದರೆ ಅವಳ ತುಟಿ ನಗು ತಡೆದು ಬಿಗಿದಿತ್ತು.

ಸಿಕ್ಕಿದ್ದು ಹೂಟಗಳ್ಳಿಯಲ್ಲಿ, ಹೌಸಿಂಗ್ ಬೋರ್ಡಿನವರು ಹಿಂದೆ ಕಟ್ಟಿದ ಪುಟ್ಟ ಮನೆ. ಒಂದು ಹಜಾರ, ಒಂದು ಕೋಣೆ, ಒಂದು ಅಡುಗೆಮನೆ, ಮೊಪೆಡ್ ನಿಲ್ಲುವಷ್ಟು ಅಂಗಳ. ಮಂಟಯ್ಯ ಕೆಲಸ ಮಾಡುತ್ತಿದ್ದ ಫ್ಯಾಕ್ಟರಿಯ ಸೈರನ್ನು ಅಲ್ಲಿಗೆ ಕೇಳುತ್ತದೆ. ಹಜಾರ ಚಿಕ್ಕದು, ಗೊಂಬೆಗಳನ್ನು ನೆಲದಿಂದ ಸೂರಿನತನಕ ಒಂದರ ಮೇಲೊಂದು ನಿಲ್ಲಿಸಬೇಕು. ಪತ್ರಕ್ಕೆ ಸಹಿ ಹಾಕುವ ದಿನ ಉದ್ಯೋಗ ಏನೆಂದು ಬರೆಯುವವರು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ಧರಣಿ ಹೇಳಿದಳು, "ವ್ಯಾಪಾರ."

ಬೋಗಾದಿಯ ಮನೆ ಖಾಲಿ ಮಾಡುವ ದಿನ ಬೀದಿಯೆಲ್ಲ ಬಾಗಿಲಿಗೆ ಬಂದಿತ್ತು. ಗೂಡ್ಸ್ ಆಟೋದಲ್ಲಿ ಮಂಚ, ಬೀರು, ಪಾತ್ರೆ ಮೂಟೆ ಹೋದವು. ಧರಣಿ ಅಪ್ಪನ ಹಲಗೆಗಳನ್ನು ಗೋಡೆಯಿಂದ ಬಿಚ್ಚಿಸಿ ಮೊದಲೇ ಹಗ್ಗ ಕಟ್ಟಿಸಿದ್ದಳು. ಅವುಗಳನ್ನು ಕಾಯುತ್ತಾ ಆಟೋದಲ್ಲೇ ಕೂತು ಹೋದಳು. ನುಗ್ಗೆಮರದ ಒಂದು ಕೊಂಬೆ ಕತ್ತರಿಸಿ, ಒದ್ದೆ ಗೋಣಿ ಸುತ್ತಿ, ಅದನ್ನೂ ಒಯ್ದಳು.

ಚಿಕ್ಕಮಾದಮ್ಮ ಹಿಂದೆ ಉಳಿದಳು. ಹಜಾರ ಗುಡಿಸಿದಳು. ಗೋಡೆಯಲ್ಲಿ ಮಂಟಯ್ಯ ಹೊಡೆದ ಮೊಳೆಗಳ ತೂತು ಉಳಿದಿದ್ದವು. ಅವುಗಳ ಮೇಲೆ ಒಮ್ಮೆ ಅಂಗೈ ಆಡಿಸಿದಳು. ಕೆಡವುವ ಮನೆಯನ್ನು ಯಾಕೆ ಗುಡಿಸುತ್ತೀ ಅಂತ ಬಾಗಿಲಿನಿಂದ ಯಾರೋ ಕೇಳಿದರು. "ನಾನು ಇದ್ದ ಮನೆ" ಅಂದಳು. ಪೊರಕೆಯನ್ನು ಮೂಲೆಗೆ ಒರಗಿಸಿ, ಬಾಗಿಲೆಳೆದು, ಬೀಗ ಹಾಕಿ, ಕೀಲಿಯನ್ನು ಶಿವರುದ್ರಪ್ಪನವರ ಕೈಯಲ್ಲಿಟ್ಟಳು. ಅವರು ಎರಡು ಕೈಯಲ್ಲೂ ತೆಗೆದುಕೊಂಡರು.

ಪೆಟ್ಟಿಗೆಗೆ ಹಿಡಿಸದ ಶೆಟ್ಟಿಯ ಗೊಂಬೆಯೊಂದು ಉಳಿದಿತ್ತು. ಹಳೇ ಸೀರೆಯಲ್ಲಿ ಸುತ್ತಿ ಮೊಪೆಡ್ಡಿನ ಮುಂದೆ, ಕಾಲುಗಳ ನಡುವೆ ನಿಲ್ಲಿಸಿದಳು. ಸೀರೆಯಿಂದ ಅವನ ಮೀಸೆ ಮಾತ್ರ ಹೊರಗಿತ್ತು.

ಪುಟ್ಟಸಿದ್ದಮ್ಮ ಅಂಗಡಿ ಬಿಟ್ಟು ರಸ್ತೆಗೆ ಬಂದು ಒಂದು ಹಾಲಿನ ಪ್ಯಾಕೆಟ್ಟು ಕೈಗಿತ್ತಳು. "ಹೊಸ ಮನೇಲಿ ಉಕ್ಕಿಸ್ಕೋ. ದುಡ್ಡು ಬೇಡ, ಬುಡು." ಚಿಕ್ಕಮಾದಮ್ಮ ನೋಡಿದ ನೋಟಕ್ಕೆ ಅವಳೇ ತಿದ್ದಿಕೊಂಡಳು, "ಆಯ್ತು ಕಣವ್ವ, ಕೊಡು, ಕೊಡು." ಚಿಲ್ಲರೆ ಎಣಿಸಿಕೊಂಡು ಸೆರಗಿಗೆ ಗಂಟು ಹಾಕಿದಳು. ಅವಳ ಕಣ್ಣು ತುಂಬಿತ್ತು, ಬಾಯಿ ಮಾತ್ರ ಹಳೇದೇ.

"ಅಲ್ಲ, ನೀನು ಹೊಂಟೋದ್ಮೇಲೆ ಇನ್‌ಕಮ್ ಟ್ಯಾಕ್ಸ್‌ನೋರು ಜೀಪು ತಗಂಡು ಬಂದ್ರೆ ನಾನು ಯಾವ ಅಡ್ರೆಸ್ ಹೇಳ್ಲಿ?"

"ಅವರು ನಿನ್ನ ಕೇಳಲ್ಲ ಕಣೇ" ಅಂದಳು ಚಿಕ್ಕಮಾದಮ್ಮ, ಮೊಪೆಡ್ ಒದ್ದು ಚಾಲೂ ಮಾಡುತ್ತಾ. "ಹೊಸ ಅಡ್ರೆಸ್ ನಾನೇ ಹೋಗಿ ಬರ್ಸಿ ಬಂದಿವ್ನಿ."

ಮೊಪೆಡ್ ಹೊರಟಿತು. ಬೀದಿಯ ತಿರುವಿನಲ್ಲಿ ಶೆಟ್ಟಿಯ ಮೀಸೆ ಒಮ್ಮೆ ಅಲುಗಿತು. ಅವಳು ಒಂದು ಕೈಯಲ್ಲಿ ಅವನ ತಲೆ ಹಿಡಿದುಕೊಂಡು, ಹಿಂದೆ ನೋಡದೆ ಹೂಟಗಳ್ಳಿ ರಸ್ತೆಗೆ ಹತ್ತಿದಳು.